ಕ್ಲಚ್ ಇಲ್ಲದೆ ಮಳವಳ್ಳಿಗೆ

ಬೆಳಿಗ್ಗೆ ಏಳೂವರೆಗೆ ಮಂಡ್ಯ ಬಿಟ್ಟೆವು. ಹತ್ತೂವರೆಗೆ ಮಳವಳ್ಳಿಯ ಛತ್ರವೊಂದರಲ್ಲಿ ಧಾರೆ. ನನ್ನ ಯಜಮಾನರು ನಾದಸ್ವರ ನುಡಿಸುವವರು. ಹೋದ ವರ್ಷ ಮುಖಕ್ಕೆ ಲಕ್ವ ಹೊಡೆದು ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಎಂಟು ತಿಂಗಳು ವಾದ್ಯ ಪೆಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. ವಾಸಿಯಾದ ಮೇಲೆ ಒಪ್ಪಿಕೊಂಡ ಮೊದಲ ಮದುವೆ ಇದು. ಅವರಿಗೆ ಡ್ರೈವಿಂಗ್ ಬಾರದು. ನಮ್ಮ ಹಳೆಯ ಕಾರು ಓಡಿಸುವವಳು ನಾನು.

ಗೆಜ್ಜಲಗೆರೆ ದಾಟುವವರೆಗೆ ತೊಂದರೆಯಿರಲಿಲ್ಲ. ಮದ್ದೂರಿನೊಳಗೆ ತಿರುಗುವಾಗ ಎರಡನೇ ಗೇರು ಕರಕರ ಎಂದಿತು. ಶಿವಪುರದ ಬಳಿ ಡೋಲಿನ ಸಿದ್ದಣ್ಣ ಕಾದಿದ್ದರು. ಅವರನ್ನು ಹತ್ತಿಸಿಕೊಂಡು ಹೊರಡಬೇಕೆಂದರೆ ಒಂದನೇ ಗೇರು ಬೀಳಲೇ ಇಲ್ಲ.

"ಗೇರ್‌ಬಾಕ್ಸೇ ಓಗ್ಬುಟ್ಟದೆ ಕಣಮ್ಮಿ," ಎಂದರು ಯಜಮಾನರು. ದಾರಿಯುದ್ದಕ್ಕೂ ಅವರು ಕೆನ್ನೆ ಉಬ್ಬಿಸಿ ಇಳಿಸುತ್ತಲೇ ಇದ್ದರು. ಬಸ್ಸು ಹಿಡಿಯೋಣವೆಂದರೆ ಮಳವಳ್ಳಿ ಬಸ್ಸು ಆಗತಾನೆ ಹೋಗಿತ್ತು, ಮುಂದಿನದು ಹತ್ತು ಗಂಟೆಗೆ.

ಮೂವರೂ ಇಳಿದು ಕಾರನ್ನು ಹತ್ತಿರದ ಗ್ಯಾರೇಜಿಗೆ ತಳ್ಳಿದೆವು. ಮೆಕ್ಯಾನಿಕ್ ಇಮ್ತಿಯಾಜ್ ಅವಸರವಿಲ್ಲದೆ ಟೀ ಲೋಟ ಕೆಳಗಿಟ್ಟು, "ಅಕ್ಕ, ಎಂಜಿನ್ ಆಫ್ ಮಾಡಿ ಗೇರ್ ಹಾಕಿ," ಎಂದರು. ಹಾಕಿದೆ. ಎಲ್ಲವೂ ಸಲೀಸಾಗಿ ಬಿದ್ದವು.

"ಗೇರ್‌ಬಾಕ್ಸ್‌ಗೇನೂ ಆಗಿಲ್ಲ. ಸ್ಟಾರ್ಟ್ ಆದಾಗ ಮಾತ್ರ ಬೀಳ್ತಿಲ್ಲ ಅಂದ್ರೆ ಕ್ಲಚ್ ಬಿಡ್ತಿಲ್ಲ."

ಬಾನೆಟ್ ಎತ್ತಿ ತೋರಿಸಿದರು. ಕ್ಲಚ್ ಕೇಬಲ್ಲಿನ ಎಳೆಗಳು ಕಿತ್ತುಹೋಗಿ ನಾಲ್ಕೈದು ಮಾತ್ರ ಉಳಿದಿದ್ದವು. ನಟ್ಟು ಬಿಗಿ ಮಾಡಿದರು. ನಾನು ಪೆಡಲ್ ಒತ್ತಿದ್ದೇ ತಡ, ಅವೂ ಪಟ್ಟನೆ ಹರಿದು ಪೆಡಲ್ ನೆಲಕ್ಕೆ ಹೋಯಿತು.

"ಇದರ ಕೇಬಲ್ ಮಂಡ್ಯದಿಂದ ಬರ್ಬೇಕು. ಮಧ್ಯಾಹ್ನ ಆಯ್ತದೆ."

ಯಜಮಾನರು ಹಳೇ ಟೈರಿನ ಮೇಲೆ ಕುಳಿತು ಫೋನ್ ತೆಗೆದರು. "ಬ್ಯಾರೆಯವ್ರ್ನ ಕರ್ಸ್ಕೊಳ್ಳಿ ಅಂತ ಯೋಳ್ಬುಡ್ತೀನಿ." ದನಿಯಲ್ಲಿ ಬೇಸರಕ್ಕಿಂತ ಬಿಡುಗಡೆಯೇ ಹೆಚ್ಚು ಕೇಳಿಸಿತು. ಅದಕ್ಕೇ ನನಗೆ ಭಯವಾಯಿತು. ಈ ಸಲ ಬಿಟ್ಟರೆ ಇವರು ಮತ್ತೆ ವಾದ್ಯ ಮುಟ್ಟುವುದಿಲ್ಲ. ಫೋನ್ ಕಿತ್ತುಕೊಂಡು, "ಕ್ಲಚ್ ಇಲ್ದೆ ಓಡ್ಸಕಾಗಕಿಲ್ವಾ?" ಎಂದು ಇಮ್ತಿಯಾಜರನ್ನು ಕೇಳಿದೆ.

ಅವರು ನನ್ನನ್ನೊಮ್ಮೆ ನೋಡಿದರು. "ಆಯ್ತದೆ. ಒಂದನೇ ಗೇರಲ್ಲಿಟ್ಟು ಕೀ ತಿರುಗ್ಸಿ, ಕಾರು ಹಂಗೇ ಹೊರಡ್ತದೆ. ಎರಡಕ್ಕೆ ಹೋಗುವಾಗ ಆಕ್ಸಿಲೇಟರ್ ಬಿಟ್ಟು ನ್ಯೂಟ್ರಲ್‌ಗೆ ತನ್ನಿ, ಎಂಜಿನ್ ಸದ್ದು ಇಳಿಯೋಗಂಟ ಕಾದು ಮೆಲ್ಲಗೆ ತಳ್ಳಿ. ಒತ್ತಾಯ ಮಾಡ್ಬೇಡಿ. ಬ್ಯಾಟ್ರಿ ವೀಕಾಗ್ಬಿಟ್ಟಿದೆ, ದಾರೀಲಿ ನಿಲ್ಲಿಸ್ಬೇಡಿ, ಮತ್ತೆ ಸ್ಟಾರ್ಟ್ ಆಗಲ್ಲ."

ಒಂಬತ್ತೂಕಾಲಿಗೆ ಹೊರಟೆವು. ಮಳವಳ್ಳಿ ಇನ್ನೂ ಮೂವತ್ತು ಕಿಲೋಮೀಟರಿನ ಹತ್ತಿರ. ಬಿಸಿಲು ಆಗಲೇ ಏರಿತ್ತು. ಕಾರು ಕುಪ್ಪಳಿಸಿ ಮುಂದೆ ಹಾರಿತು. ಎರಡನೆಯದು ಮೊದಲ ಸಲ ಕಿರುಚಿತು, ಮೂರನೆಯದು ಬೆಣ್ಣೆಯಂತೆ ಬಿತ್ತು. ಅಲ್ಲಿಂದ ಆ ಗೇರು ಬಿಡಲಿಲ್ಲ.

ಕೆ.ಎಂ. ದೊಡ್ಡಿಯಲ್ಲಿ ಕಬ್ಬಿನ ಟ್ರಾಕ್ಟರು ರಸ್ತೆಗೆ ಅಡ್ಡಲಾಗಿ ತಿರುಗುತ್ತಿತ್ತು. ನಮ್ಮ ಹಾರ್ನಿನ ಸದ್ದು ಅದರ ಡ್ರೈವರಿಗೆಲ್ಲಿ ಕೇಳಬೇಕು? ಸಿದ್ದಣ್ಣ ಡೋಲನ್ನು ಕಿಟಕಿಗೆ ಒರಗಿಸಿ ಬಾರಿಸತೊಡಗಿದರು. ಅಂಗಡಿಯವರೆಲ್ಲ ಹೊರಗೆ ಬಂದರು. ಟ್ರಾಕ್ಟರಿನವನು ಬೆಚ್ಚಿ ಪಕ್ಕಕ್ಕೆ ಎಳೆದುಕೊಂಡು, "ಯಾವ ಮೆರವಣ್ಗೆಲಾ ಇದು!" ಎಂದು ಕೂಗಿದ. ಯಜಮಾನರು ಆ ದಿನ ಮೊದಲ ಸಲ ನಕ್ಕರು.

ಹತ್ತೂಕಾಲಿಗೆ ಛತ್ರದ ಮುಂದೆ ಗೇರು ಬಿಡಿಸಿ ಬ್ರೇಕ್ ಹಾಕಿದೆ. ಅವರಿಬ್ಬರೂ ಒಳಗೋಡಿದರು. ನನ್ನ ಎಡಗಾಲು ಕೆಲಸಕ್ಕೆ ಬಾರದ ಪೆಡಲನ್ನು ಇನ್ನೂ ಒತ್ತಿಕೊಂಡೇ ಇತ್ತು. ಒಳಗಿನಿಂದ ಮೊದಲ ಸ್ವರ ಒಡೆದು ಬಂತು. ನಿಂತಿತು. ಸಿದ್ದಣ್ಣನ ಡೋಲು ಮಾತ್ರ ನಿಲ್ಲದೆ ಯಜಮಾನರಿಗಾಗಿ ಕಾಯುತ್ತಿತ್ತು. ಮತ್ತೊಂದು ಉಸಿರಿಗೆ ಸ್ವರ ನೆಟ್ಟಗೆ ಬಂತು. ಗಟ್ಟಿಮೇಳದ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆ.

ಕಾರನ್ನು ಮಳವಳ್ಳಿಯ ಗ್ಯಾರೇಜಿನಲ್ಲಿ ಬಿಟ್ಟು ಸಂಜೆ ಬಸ್ಸು ಹತ್ತಿದೆವು. ಯಜಮಾನರ ತುಟಿ ಊದಿಕೊಂಡಿತ್ತು.

"ನೋಯ್ತದಾ?" ಎಂದೆ.

"ನೋಯ್ತದೆ. ನೋಯ್ಲಿ ಬುಡು," ಎಂದು ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದ ಊರಿನ ಕಡೆ ತಿರುಗಿದರು.