ಸವತಿಯ ಅರವತ್ತೆರಡು ಧ್ವನಿಮುದ್ರಣಗಳು

ಊರಿನವರು ಕೊಟ್ಟ ಫೋಟೊ, ಧ್ವನಿಮುದ್ರಣಗಳಿದ್ದ ಗ್ರಂಥಾಲಯದ ಹಳೆಯ ಡಿಸ್ಕುಗಳು ಒಂದೊಂದಾಗಿ ಕೈಕೊಡತೊಡಗಿದ ವರ್ಷ, ಅವುಗಳಲ್ಲಿ ಯಾವುದನ್ನು ಶಾಶ್ವತವಾಗಿ ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಅಂಕ ಹಾಕುವ ಕೆಲಸ ಅಲ್ಲಿನ ಸಿಬ್ಬಂದಿಯಾಗಿದ್ದ ಆಕೆಯ ಪಾಲಿಗೆ ಬಂತು. ಹೊಸ ಜಾಗವಿದ್ದದ್ದು ಮೂರರಲ್ಲೊಂದು ಪಾಲಿಗೆ ಮಾತ್ರ. ಆಕೆ ಯಾರ ಮುಲಾಜಿಗೂ ಬಿದ್ದವಳಲ್ಲ. ಸ್ವಂತ ಸೋದರಮಾವನ ಪ್ರವಾಸದ ಫೋಟೊಗಳಿಗೇ ಸೊನ್ನೆ ಸುತ್ತಿದ್ದಳು.

ಪಟ್ಟಿಯ ನೂರ ಹದಿನಾರನೇ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕೊಟ್ಟವರ ವಿಳಾಸ ಆಕೆಯ ಮನೆಯದೇ. ಮುಚ್ಚಿಹೋದ ಅಂಗಿಗುಂಡಿ ಕಾರ್ಖಾನೆಯ ಹೆಂಗಸರನ್ನು ಮಾತಾಡಿಸಿ ಮಾಡಿದ ಅರವತ್ತೆರಡು ಧ್ವನಿಮುದ್ರಣಗಳು. ಮಾಡಿದವಳು ಗಂಡನ ಮೊದಲ ಹೆಂಡತಿ, ತೀರಿಕೊಂಡು ಒಂಬತ್ತು ವರ್ಷ.

ಮದುವೆಗೆ ಮುಂಚೆ ತಾಯಿ ಎಚ್ಚರಿಸಿದ್ದಳು: "ಮಣ್ಣಲ್ಲಿದ್ರೂ ಸವತಿ ಸವತಿನೇ ಕಣೆ." ಆಕೆ ನಕ್ಕಿದ್ದಳು. ಆದರೂ ಮನೆಗೆ ಕಾಲಿಟ್ಟ ವಾರದಲ್ಲೇ ಪರದೆ ಬದಲಿಸಿದ್ದಳು, ಅಡುಗೆಮನೆಯ ಡಬ್ಬಿಗಳ ಮೇಲಿನ ಕೈಬರಹವನ್ನು ಉಜ್ಜಿ ತೆಗೆದಿದ್ದಳು.

ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಸವತಿಯ ದನಿ ಸ್ವಲ್ಪ ಗೊಗ್ಗರು. ಅದೊಂದು ಸಮಾಧಾನ. ಏಳನೆಯದರಲ್ಲಿ ಗುಂಡಿಗೆ ತೂತು ಕೊರೆಯುತ್ತಿದ್ದ ಮುದುಕಿ, "ನಿನ್ ಗಂಡನ ಅಂಗೀಲೇ ಒಂದು ಗುಂಡಿ ಇಲ್ವಲ್ಲೇ ತಾಯಿ" ಅಂದಳು. ಹಿಂದೆ ಗಂಡಸೊಬ್ಬ ಬಿದ್ದುಬಿದ್ದು ನಕ್ಕ. ಯಾರ ನಗೆಯೆಂದು ತಿಳಿಯಲು ಆಕೆಗೆ ಅರೆಗಳಿಗೆ ಹಿಡಿಯಿತು. ಆರು ವರ್ಷದ ಸಂಸಾರದಲ್ಲಿ ಗಂಡ ಹಾಗೆ ನಕ್ಕದ್ದೇ ಇಲ್ಲ. ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

'ಕೊಟ್ಟವರು ಬದುಕಿಲ್ಲ, ಒಪ್ಪಿಗೆಪತ್ರವಿಲ್ಲ' ಎಂದು ಬರೆದು, 'ಬಿಡಬಹುದು' ಎಂದು ಗುರುತು ಹಾಕಿದಳು.

ಮುಖ್ಯಸ್ಥೆ ಹಾಳೆ ವಾಪಸು ಕೊಟ್ಟರು. "ವಾರಸುದಾರರ ಒಪ್ಪಿಗೆ ಕೇಳಿ. ಬೇರೆ ಪ್ರತಿ ಇದೆಯಾ ಅಂತಾನೂ ಕೇಳಿ. ದೂರ ಏನೂ ಹೋಗಬೇಕಿಲ್ವಲ್ಲ."

ಲಿಫ್ಟ್ ರಿಪೇರಿ ಮಾಡುವ ಗಂಡ ಸಂಜೆ ಬಂದು ಕೈಯ ಗ್ರೀಸ್ ತೊಳೆಯುತ್ತಿದ್ದ.

"ಆ ಗುಂಡಿ ಕಾರ್ಖಾನೆ ರೆಕಾರ್ಡಿಂಗು, ಇನ್ನೊಂದು ಪ್ರತಿ ಮನೇಲಿದೆಯಾ?" ಎಂದಳು.

ಅವನು ನಲ್ಲಿ ನಿಲ್ಲಿಸಿದ. "ಇದು ಆಫೀಸಿನ ಪ್ರಶ್ನೆನಾ, ನಿಂದಾ?"

"ಫಾರಂನಲ್ಲಿದೆ."

"ಹಳೇ ಫೋನಲ್ಲಿತ್ತು. ನೀನು ಪರದೆ ಬದಲಿಸಿದ ದಿನ ನಾನೇ ಅಳಿಸಿಬಿಟ್ಟೆ. ನಿಂಗೆ ಕಷ್ಟ ಆಗ್ತಿತ್ತು, ಗೊತ್ತಾಗ್ತಿತ್ತು."

ತನಗಾಗಿ ಅಳಿಸಿದ್ದ. ಗೆದ್ದೆ ಎನ್ನಿಸಬೇಕಿತ್ತು. "ಅಳಿಸೋ ಮುಂಚೆ ಕೇಳಿದ್ರಾ?"

"ಅರವತ್ತೆರಡೂ ಕೇಳಿದೆ."

ಆಕೆ ಒಪ್ಪಿಗೆಪತ್ರವನ್ನು ಮುಂದಿಟ್ಟಳು. ಅವನು ಒದ್ದೆ ಕೈಯಲ್ಲೇ ಸಹಿ ಹಾಕಿದ.

ಮರುದಿನ ಹೊಸ ಹಾಳೆ ತೆಗೆದುಕೊಂಡಳು. ಜಗತ್ತಿನಲ್ಲಿರುವುದು ಇದೊಂದೇ ಪ್ರತಿ: ಪೂರ್ತಿ ಅಂಕ. ಆ ಕಸುಬು ಈಗಿಲ್ಲ: ಪೂರ್ತಿ ಅಂಕ. ಕಡತಗಳು ತೆರೆಯುತ್ತವೆ, ಒಪ್ಪಿಗೆಯಿದೆ. ಹಲ್ಲು ಕಚ್ಚಿಕೊಂಡೇ ಕೂಡಿದಳು. ಇಡೀ ಪಟ್ಟಿಯಲ್ಲಿ ಸವತಿಯದೇ ಎರಡನೇ ಸ್ಥಾನ.

ಉಳಿಸಿದ್ದನ್ನು ಮೂರು ವರ್ಷಕ್ಕೊಮ್ಮೆ ಯಾರಾದರೂ ಪೂರ್ತಿ ಕೇಳಿ, ಕೆಟ್ಟಿಲ್ಲವೆಂದು ಖಚಿತಪಡಿಸಬೇಕು.

"ಇದನ್ನ ಬೇರೆಯವರಿಗೆ ಕೊಡ್ಲಾ?" ಮುಖ್ಯಸ್ಥೆ ಮೆಲ್ಲಗೆ ಕೇಳಿದರು.

"ಬೇಡ ಮೇಡಂ. ನನ್ನ ಹೆಸರೇ ಬರ್ಕೊಳ್ಳಿ."

ಹೊಟ್ಟೆಕಿಚ್ಚು ಆರಿತೆಂದಲ್ಲ. ಇನ್ನೊಬ್ಬಳು ಕೂತು ಗಂಡನ ಆ ನಗೆಯನ್ನು ಕೇಳುವುದು ಆಕೆಗೆ ಬೇಕಿರಲಿಲ್ಲ.