ಎರಡನೇ ಏಟು

ಸೌಂಡಕ್ಕನ ಕೈ ಬಾಯಿಗಿಂತ ಮುಂದು. ಬಾಯಿಯೇನೂ ಕಮ್ಮಿಯಲ್ಲ, ಆದರೆ ಅದು ಶುರುವಾಗುವ ಹೊತ್ತಿಗೆ ಎದುರಿನವರ ಕೆನ್ನೆ ಆಗಲೇ ಊದಿರುತ್ತದೆ. ಡಿಜೆ ಸೆಟ್ ಬಾಡಿಗೆಗೆ ಕೊಡುವ ಅವಳ ಅಂಗಡಿಯಲ್ಲಿ ಸ್ಪೀಕರ್ ಹರಿದು ತಂದರೆ ಬೈಗುಳ, ವೈರು ಗಂಟಾಗಿದ್ದರೆ ಬೆನ್ನಿಗೆ ಗುದ್ದು. ಪ್ಲಗ್ಗಿನ ದಪ್ಪ ಪಿನ್ನು, ಅಂದರೆ ಅರ್ತಿಂಗ್ ಪಿನ್ನು, ಮುರಿದು ತಂದವನಿಗೆ ಮಾತ್ರ ದೇವರೇ ಗತಿ. ಅಂಥ ಒಬ್ಬನನ್ನು ಅದೇ ವೈರು ಬೀಸುತ್ತ ಬೀದಿಯ ತುದಿಯವರೆಗೂ ಅಟ್ಟಿಸಿಕೊಂಡು ಹೋಗಿದ್ದಳು.

ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಸೆಟ್ ನುಡಿಸುವವನು ಅವಳ ತಮ್ಮ. ಅಮ್ಮ ಹೋದ ಮೇಲೆ ಅವಳೇ ಹೊಡೆದು ಬಡಿದು ಸಾಕಿದವನು. ಒಂದು ಮಧ್ಯಾಹ್ನ ಇಬ್ಬರೂ ಒಂದು ಹಾಲ್‌ನಲ್ಲಿ ಸೆಟ್ ಜೋಡಿಸುತ್ತಿದ್ದರು. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು. ಮಿಕ್ಸರ್ ಒಂದು ಗೋಡೆಯ ಸಾಕೆಟ್ಟಿಗೆ, ಆಂಪ್ಲಿಫೈಯರ್ ಎದುರು ಗೋಡೆಯದಕ್ಕೆ ಹಾಕಿದರೆ ಹಾಗಾಗುತ್ತದೆ.

"ಎರಡನ್ನೂ ಒಂದೇ ಬೋರ್ಡಿಗೆ ಹಾಕೋ, ನಿಲ್ಲತ್ತೆ."

"ಮತ್ತೆ ಅಷ್ಟುದ್ದ ವೈರ್ ಯಾರು ಎಳೀತಾರೆ? ನೀನೇ ಎಳ್ಕೋ."

ಮಾತಿಗೆ ಮಾತು ಬೆಳೆಯಿತು. ಅವಳು ಕೆನ್ನೆಗೆ ಬಾರಿಸಿದಳು. ಅವನು ಎದೆಗೆ ಕೈಕೊಟ್ಟು ತಳ್ಳಿದ. ಅವಳು ಆಂಪ್ಲಿಫೈಯರಿನ ಸಮೇತ ಉರುಳಿದಳು. ಪ್ಲಗ್ಗು ಕಿತ್ತುಬಂತು, ತುಟಿ ಒಡೆದು ರಕ್ತ ಸುರಿಯಿತು. ಅವಳು ಬಾಯಿ ತೊಳೆಯಲು ಹೋದಾಗ ಅವನು ಸಿಟ್ಟಿನಲ್ಲಿ ಆ ಪ್ಲಗ್ಗಿನ ದಪ್ಪ ಪಿನ್ನನ್ನು ಇಕ್ಕಳದಿಂದ ತಿರುಚಿ ಮುರಿದು, ಮತ್ತೆ ಸಾಕೆಟ್ಟಿಗೆ ತುರುಕಿದ. ವೈರ್ ಎಳೆಯದೆಯೇ ಗುಂಯ್ ಸದ್ದು ನಿಂತಿತು. ಆದರೆ ಬಿದ್ದ ರಭಸಕ್ಕೆ ಆಂಪ್ಲಿಫೈಯರಿನ ಒಳಗೊಂದು ವೈರು ಕಳಚಿ ಅದರ ಲೋಹದ ಮೈಗೆ ತಾಗಿತ್ತು. ಪಿನ್ನಿದ್ದಿದ್ದರೆ ಆ ಕರೆಂಟು ನೆಲಕ್ಕಿಳಿದು ಫ್ಯೂಸ್ ಹೋಗಿ ಅಲ್ಲಿಗೇ ಮುಗಿಯುತ್ತಿತ್ತು.

ಅವಳು ಬಂದಾಗ ಅವನ ಒಂದು ಕೈ ಆಂಪ್ಲಿಫೈಯರ್ ಮೇಲೆ, ಇನ್ನೊಂದು ಮಿಕ್ಸರ್ ಮೇಲೆ. ಹಲ್ಲು ಕಚ್ಚಿಕೊಂಡಿತ್ತು, ಮೈ ನಡುಗುತ್ತಿತ್ತು, ಗಂಟಲಿಂದ ಸದ್ದಿಲ್ಲ. ಎದುರು ಗೋಡೆಯ ಸಾಕೆಟ್ಟು ದೂರ, ಮೇನ್ ಸ್ವಿಚ್ಚಿನ ಕೋಣೆಗೆ ಬೀಗ. ಅವಳು ಮರದ ಸ್ಟೂಲೆತ್ತಿ ಅವನ ಮಣಿಕಟ್ಟಿಗೆ ಅಪ್ಪಳಿಸಿದಳು. ಕೈ ಬಿಟ್ಟಿತು, ಅವನು ನೆಲಕ್ಕುರುಳಿದ. ಸ್ಟೂಲು ಮತ್ತೆ ಮೇಲೆದ್ದು ಅದೇ ಕೈಯ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಹಾಲ್ ತುಂಬ ಕೇಳಿಸಿತು.

ತಮ್ಮನ ಜೀವ ಉಳಿಸಿದಳು ಎಂದು ಎಲ್ಲರೂ ಹೊಗಳಿದರು. ಅವನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಅಂಗಡಿಗೆ ಬರುತ್ತಾನೆ, ದುಡಿಯುತ್ತಾನೆ, ಆದರೆ ಅಕ್ಕ ಅನ್ನುವುದಿಲ್ಲ. ಯಾರೋ ದಾರಿಹೋಕಳನ್ನು ಕರೆದ ಹಾಗೆ "ಇಲ್ನೋಡಿ" ಅನ್ನುತ್ತಾನೆ. ಸೌಂಡಕ್ಕನಿಗೆ ಇದರಷ್ಟು ಪೆಟ್ಟು ಯಾರೂ ಕೊಟ್ಟಿರಲಿಲ್ಲ. ಒಂದೇ ಒಂದು ಸಲ ಅಕ್ಕ ಅನ್ನಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು.

ಮೊನ್ನೆ ಗಿರಾಕಿಯೊಬ್ಬನಿಗೆ ಪಿನ್ನಿನ ಪಾಠ ಹೇಳುತ್ತ, "ಒಂದೇ ಏಟಿಗೆ ಬಿಡಿಸ್ದೆ ನೋಡ್ರಿ ಇವನನ್ನ!" ಅಂದಳು.

ಮೂಲೆಯಲ್ಲಿ ಹೊಸ ಪ್ಲಗ್ಗು ಜೋಡಿಸುತ್ತಿದ್ದ ತಮ್ಮ ತಲೆಯೆತ್ತಿದ. "ಒಂದೇ ಏಟಿಗೆ ಕೈ ಬಿಟ್ಟಿತ್ತು, ನಿಜ. ಕೆಳಗೆ ಬಿದ್ಮೇಲೆ ಇನ್ನೊಂದು ಬಿತ್ತಲ್ಲ, ಅದು ಯಾಕೆ?"

ಗಿರಾಕಿ ಮೆಲ್ಲಗೆ ಜಾಗ ಖಾಲಿ ಮಾಡಿದ.

"ಬೇಕಂತಲೇ ಹೊಡೆದೆ ಕಣೋ," ಅಂದಳು ಸೌಂಡಕ್ಕ. "ಸತ್ತೇ ಹೋಗ್ತಿದ್ದೆಯಲ್ಲೋ, ಪಾಪಿ. ಆ ಸಿಟ್ಟಿಗೆ."

ಹೇಳಿದವಳೇ ಗೊಳೋ ಎಂದು ಅತ್ತಳು. ಅವನು ಎದ್ದುಬಂದು ಪ್ಲಗ್ಗನ್ನೂ ಸ್ಕ್ರೂಡ್ರೈವರನ್ನೂ ಅವಳ ಮಡಿಲಿಗೆ ಹಾಕಿದ.

"ಅರ್ತಿಂಗ್ ಸ್ಕ್ರೂ ಬಿಗಿ ಮಾಡ್ಕೊಡು. ನನ್ನ ಕೈ ತಿರುಗಲ್ಲ, ಅಕ್ಕ."