ಕೂಲರಿನ ಸ್ಕ್ರೂ ಮತ್ತು ಮುದ್ದೇಬಿಹಾಳದ ಬೀಗತಿ

ಒಂದು ಮಾತು ಕೇಳುತ್ತೇನೆ, ನಗದೆ ಉತ್ತರ ಹೇಳಿ. ಸ್ಕ್ರೂ ಗಟ್ಟಿಯಾಗಿ ಕೂತ ಮೇಲೂ ‘ಇನ್ನೊಂದೇ ಸುತ್ತು’ ಎಂದು ತಿರುವುವವರು ನಿಮ್ಮ ಮನೆಯಲ್ಲಿ ಯಾರು? ನಿಮ್ಮ ಗಂಡನೋ, ಇಲ್ಲಾ ನೀವೇಯೋ?

ನಮ್ಮಲ್ಲಿ ನಮ್ಮ ಯಜಮಾನರು. ಅವರು ಮುಚ್ಚಿದ ಉಪ್ಪಿನಕಾಯಿ ಬಾಟಲಿ ತೆರೆಯಲು ಅವರೇ ಬೇಕು. ಅವರು ನಿಲ್ಲಿಸಿದ ನಲ್ಲಿಯನ್ನು ಬಿಡಲು ನಾನು ಸೆರಗು ಸುತ್ತಿ ಹಿಡಿದು ಹಲ್ಲು ಕಚ್ಚಬೇಕು. ಎಲ್ಲವೂ ಗಟ್ಟಿ ಇದ್ದಷ್ಟು ಒಳ್ಳೆಯದು ಎಂಬುದು ಅವರ ನಂಬಿಕೆ. ಕಬ್ಬಿಣದ ಸಾಮಾನಿನ ಮಟ್ಟಿಗೆ ಅದು ಹೇಗೋ ನಡೆಯುತ್ತಿತ್ತು. ಇಂಡಿ ಊರಿನ ಅಂಗಡಿಯಿಂದ ಪ್ಲಾಸ್ಟಿಕ್ ಕೂಲರ್ ತಂದ ಮೇಲೆ ನಡೆಯಲಿಲ್ಲ.

ಕಳೆದ ಬೇಸಿಗೆಯ ಮಾತು. ನನ್ನ ಕಿರಿಯ ಮಗಳು ಬಾಣಂತನಕ್ಕೆ ಸಿಂದಗಿಯ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಕೂಸು. ಮುಷ್ಟಿ ಬಿಗಿಹಿಡಿದು ಮಲಗಿದರೆ ಯಾರದೋ ಮೇಲೆ ಸಿಟ್ಟು ಮಾಡಿಕೊಂಡ ಹಾಗೆ ಕಾಣುತ್ತಿತ್ತು. ಮಗಳು ಕೂಸಿನ ಪಕ್ಕದಲ್ಲಿ ಒರಗಿಕೊಂಡೇ ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದಳು. ಇದನ್ನೆಲ್ಲ ಬರೆಯುತ್ತಿರುವುದು ಅದೇ ಒಂದು ಬೆರಳಿನಿಂದ.

ನಮ್ಮ ಕಡೆ ಬಾಣಂತಿ ಐದು ತಿಂಗಳು ತವರಿನಲ್ಲಿ ಇರುತ್ತಾಳೆ. ಆದರೆ ಮುದ್ದೇಬಿಹಾಳದ ನಮ್ಮ ಬೀಗತಿ, ಅಂದರೆ ಮಗಳ ಅತ್ತೆ, ಎರಡನೆಯ ತಿಂಗಳಿಗೇ ಫೋನಿನ ಮೇಲೆ ಫೋನು ಶುರು ಮಾಡಿದರು. ಅವರದು ಕಲ್ಲಿನ ಗೋಡೆಯ ಹಳೆಯ ಮಾಳಿಗೆ ಮನೆ. ಸೂರಿನ ಮೇಲೆ ಮೊಳದಷ್ಟು ದಪ್ಪ ಮಣ್ಣು. ನಡುಹಗಲಿನಲ್ಲೂ ಒಳಗೆ ತಂಪು. ನಮ್ಮದು ಸಿಮೆಂಟಿನ ಸ್ಲ್ಯಾಬು. ಮಧ್ಯಾಹ್ನ ಕಾಯಲು ಶುರುವಾದರೆ ಕತ್ತಲಾದ ಮೇಲೂ ಹಂಚಿನ ಹಾಗೆ ಕಾವು ಬಿಡುತ್ತಿರುತ್ತದೆ. ಬಿಸಿಲು ಇಳಿಯುವವರೆಗಾದರೂ ತಾಯಿ ಮಗುವನ್ನು ಕಳಿಸಿಕೊಡಿ ಎಂಬುದು ಅವರ ವರಾತ. ನಮ್ಮಲ್ಲಿ ಕೂಲರ್ ಇದೆ ಎಂಬುದು ನನ್ನ ಒಂದೇ ಉತ್ತರ. ಕಳಿಸಿದರೆ ಕೂಸು ಆ ಮನೆಗೆ, ಆ ಅಜ್ಜಿಯ ಕೈಗೆ ಒಗ್ಗಿಬಿಡುತ್ತದೆ, ಮತ್ತೆ ನನ್ನ ಹತ್ತಿರ ಬರುವುದು ಹಬ್ಬಕ್ಕೋ ಹುಣ್ಣಿಮೆಗೋ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದ್ದರಿಂದ ನನ್ನ ಮಾನವೆಲ್ಲ ಆ ಕೂಲರಿನ ಮೇಲೆ ನಿಂತಿತ್ತು.

ಆ ಕೂಲರ್ ಗಡಗಡ ಎನ್ನತೊಡಗಿತು.

ಅದರೊಳಗೆ ಮೋಟರನ್ನು ಹೊತ್ತ ಕಬ್ಬಿಣದ ಚೌಕಟ್ಟು ಇದೆ. ಅದು ಕೂರುವುದು ಪ್ಲಾಸ್ಟಿಕ್ಕಿನ ಪುಟ್ಟ ಕಂಬಗಳ ಮೇಲೆ. ಕಂಬಗಳ ನಡುವೆ ಪೊಳ್ಳು. ಆ ಪೊಳ್ಳಿನಲ್ಲಿ ಸ್ಕ್ರೂ ತನ್ನ ಹಾದಿಯನ್ನು ತಾನೇ ಕೊರೆದುಕೊಂಡು ಇಳಿದಿರುತ್ತದೆ. ಯಜಮಾನರು ಸದ್ದು ಕೇಳಿದ ಕೂಡಲೇ ಸ್ಕ್ರೂಡ್ರೈವರ್ ತಂದು ಇನ್ನೊಂದೇ ಸುತ್ತು ಎಂದರು. ಮರುದಿನ ಮತ್ತೆ ಇನ್ನೊಂದೇ ಸುತ್ತು. ಆಮೇಲೆ ಎಷ್ಟು ತಿರುವಿದರೂ ಸ್ಕ್ರೂ ಸುಮ್ಮನೆ ತಿರುಗುತ್ತಲೇ ಇತ್ತು, ಎಲ್ಲೂ ಹಿಡಿಯಲಿಲ್ಲ. ಬೆಂಕಿಕಡ್ಡಿ ತುರುಕಿ ನೋಡಿದರು. ಕೂಲರ್ ಎಂದರೆ ಒಳಗೆಲ್ಲ ನೀರಿನ ಪಸೆ, ಕಡ್ಡಿ ನೆನೆದು ಹಿಟ್ಟಾಯಿತು. ಕೊನೆಗೆ ಎಲ್ಲಿಂದಲೋ ದಪ್ಪ ಸ್ಕ್ರೂ ತಂದು ಬಲವಾಗಿ ತಿರುವಿದಾಗ ಒಂದು ಕಂಬ ಚಟ್ಟೆಂದು ಸೀಳಿತು. ಅವರು ನನ್ನ ಮುಖ ನೋಡಲಿಲ್ಲ. ನಾನು ಆಡುವ ಮಾತನ್ನು ಒಳ್ಳೆಯ ಹೊತ್ತಿಗೆ ಅಂತ ಎತ್ತಿಟ್ಟುಕೊಂಡೆ.

ಬಸ್ ನಿಲ್ದಾಣದ ಹತ್ತಿರದ ರಿಪೇರಿಯವನು ಬಂದು ನೋಡಿ, ಸ್ಕ್ರೂ ಕಚ್ಚುವ ಥ್ರೆಡ್ ಸವೆದು ಹೋಗಿದೆ, ಕಂಬ ಸೀಳಿದೆ, ಬಾಡಿಯನ್ನೇ ಬದಲಿಸಬೇಕು ಎಂದ. ಆ ಮಾದರಿಯ ಬಾಡಿ ಈಗ ಬರುವುದಿಲ್ಲ ಎಂಬುದನ್ನೂ ಅವನೇ ಹೇಳಿದ. ಹೊಸ ಕೂಲರಿಗೆ ಕೇಳಿದರೆ, ಆ ಬಿಸಿಲಿನ ಹೊಡೆತಕ್ಕೆ ಅಂಗಡಿಗಳೆಲ್ಲ ಖಾಲಿ, ಮುಂದಿನ ವಾರ ವಿಜಯಪುರದಿಂದ ಬರಬೇಕು. ಅಷ್ಟರಲ್ಲಿ ಮುದ್ದೇಬಿಹಾಳದಿಂದ ಫೋನು. ನಾಳೆ ಕೂಸನ್ನು ನೋಡಲು ಬರುತ್ತೇನೆ ಎಂದರು ಬೀಗತಿ.

ನಾನು ಸುಮ್ಮನೆ ಕೂರುವವಳಲ್ಲ. ಖಾರ ಕುಟ್ಟುವ ಗುಂಡುಕಲ್ಲನ್ನು ಎತ್ತಿ ಕೂಲರಿನ ತಲೆಯ ಮೇಲೆ ಇಟ್ಟೆ. ಭಾರಕ್ಕೆ ನಡುಕ ಅಡಗಿತು. ಕಲ್ಲು ಕಾಣದ ಹಾಗೆ ಕಸೂತಿಯ ಬಟ್ಟೆ ಹೊದಿಸಿ, ಅದರ ಮೇಲೆ ಕೂಸಿನ ಗಿಲಕಿ ಇಟ್ಟೆ. ಮಗಳು ನಕ್ಕೂ ನಕ್ಕೂ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡಳು.

ಮರುದಿನ ಬೀಗತಿ ಬಾಗೇವಾಡಿಯಲ್ಲಿ ಬಸ್ ಬದಲಿಸಿ, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ ಹೊತ್ತು, ಬೆವರಿನಲ್ಲಿ ತೊಯ್ದು ಬಂದರು. ಕಾಲು ತೊಳೆದು, ಕೂಸನ್ನು ಎತ್ತಿಕೊಂಡು ಕೂಲರಿನ ಎದುರಿಗೇ ಕೂತರು. ನಾನು ಚಹಾ ತರಲು ಒಳಗೆ ಹೋಗಿದ್ದೆ. ಬಟ್ಟಲು ಹಿಡಿದು ಬರುವಷ್ಟರಲ್ಲಿ ಗುಂಡುಕಲ್ಲು ಬಟ್ಟೆ ಸಮೇತ ಕೂಲರಿನ ತಲೆಯ ಮೇಲೆ ಮೆಲ್ಲಗೆ ನಡೆಯಲು ಶುರು ಮಾಡಿತ್ತು. ಅಂಚಿಗೆ ಬಂದಿತು. ಬೀಗತಿ ಒಂದು ಕೈಯಲ್ಲಿ ಕೂಸನ್ನು ಹಿಡಿದು, ಇನ್ನೊಂದು ಕೈಯಿಂದ ಕಲ್ಲನ್ನು ತಡೆದರು. ಕಲ್ಲು ನಿಂತಿತು, ಗಿಲಕಿ ಕೆಳಗೆ ಬಿತ್ತು, ಕೂಲರ್ ಪೂರಾ ದನಿಯಲ್ಲಿ ಗಡಗಡ ಎಂದಿತು.

“ಏನ್ರಿ ಬೀಗರ,” ಎಂದರು ಅವರು, ಕಲ್ಲಿನ ಮೇಲಿನ ಕೈ ತೆಗೆಯದೆ. “ನಿಮ್ಮ ಸಿಂದಗ್ಯಾಗ ಖಾರ ಕೂಲರ್ ಮ್ಯಾಲ ಕುಟ್ತಾರೇನು?”

ನಾನು ಬಟ್ಟಲು ಕೆಳಗಿಟ್ಟು, ಕಲ್ಲನ್ನು ಇಳಿಸಿ, ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕಣ್ಣು ಕೂಸಿನ ಕತ್ತಿನ ಮೇಲೆ ಬಿತ್ತು. ಮಡಿಕೆಗಳ ಸಂದಿಯಲ್ಲಿ ಕೆಂಪಗೆ ಬೆವರುಸಾಲೆ ಎದ್ದಿತ್ತು. ಬೆರಳಿನ ತುದಿಯಿಂದ ಮುಟ್ಟಿ ನೋಡಿದರು. ಅಲ್ಲಿಗೆ ನನ್ನ ಆಟ ಮುಗಿಯಿತು. ಕರೆದುಕೊಂಡು ಹೋಗಿ ಎಂದು ನಾನೇ ಹೇಳಬೇಕಾಗಿತ್ತು, ಕೂಸಿಗೆ ಅದೇ ಒಳ್ಳೆಯದು. ಹೇಳುವ ಬದಲು ಚಹಾದ ಬಟ್ಟಲನ್ನು ಅವರ ಮುಂದೆ ಸರಿಸಿದೆ.

ಬೀಗತಿ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಸ್ಕ್ರೂಡ್ರೈವರ್ ಕೇಳಿದರು.

ಇಲ್ಲಿ ಅವರ ವಿಷಯ ಸ್ವಲ್ಪ ಹೇಳಬೇಕು. ಅವರು ಮುದ್ದೇಬಿಹಾಳದ ಹತ್ತಿರದ ಹಳ್ಳಿಯಲ್ಲಿ ಬಹಳ ವರ್ಷ ಅಂಗನವಾಡಿ ನಡೆಸಿದವರು. ಅಲ್ಲಿಗೆ ಬರುವ ಆಟಿಕೆಗಳೆಲ್ಲ ಪ್ಲಾಸ್ಟಿಕ್ಕಿನವು, ಅವುಗಳ ಮೇಲೆ ಬೀಳುವುದು ಊರಿನ ಅಷ್ಟೂ ಮಕ್ಕಳು. ಕುದುರೆಯ ಕಾಲು ಕಳಚುತ್ತಿತ್ತು, ಬಸ್ಸಿನ ಗಾಲಿ ಸಡಿಲಾಗುತ್ತಿತ್ತು. ಹೊಸದು ಬರುತ್ತದೆ ಎಂದು ಅಳುವ ಮಗುವಿಗೆ ಎಷ್ಟು ದಿನ ಹೇಳುವುದು? ತಾವೇ ಬಿಚ್ಚಿ, ತಾವೇ ಕೆಡಿಸಿ, ತಾವೇ ಸರಿ ಮಾಡುತ್ತಾ ಕಲಿತರಂತೆ. ಇದನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಮದುವೆಯ ಮಾತುಕತೆಯ ದಿನವೂ ಹೇಳಿದ್ದರು. ಆಗ ನಾನು ಯಜಮಾನರ ಕಡೆ ನೋಡಿ ಹುಬ್ಬು ಹಾರಿಸಿದ್ದೆ.

ಕೂಲರನ್ನು ಪಡಸಾಲೆಗೆ ಎಳೆಸಿದರು. ವಾಸನೆ ಕೂಸಿಗೆ ಆಗದು ಎಂದು ತಾಯಿ ಮಗುವನ್ನು ಒಳಗೆ ಕಳಿಸಿ ಬಾಗಿಲು ಮುಚ್ಚಿಸಿದರು. ಯಜಮಾನರನ್ನು ಅಂಟಿನ ಪುಟ್ಟ ಟ್ಯೂಬಿಗೆ ಅಂಗಡಿಗೆ ಅಟ್ಟಿದರು, ಬೆರಳಿಗೆ ತಾಗಿದರೆ ಬೆರಳೇ ಅಂಟಿಕೊಳ್ಳುವ ಅಂಥ ಅಂಟು. ನನ್ನಿಂದ ಅಡುಗೆ ಸೋಡಾ ತರಿಸಿದರು, ಕೂಸಿಗೆ ತಿಕ್ಕುವ ಕೊಬ್ಬರಿ ಎಣ್ಣೆ ತರಿಸಿದರು, ಕೂಸಿಗೆಂದು ನಾನು ಹೊಲಿಯುತ್ತಿದ್ದ ಕೌದಿಯಿಂದ ದಾರ ಎಳೆದುಕೊಂಡರು. ಬಾಣಂತಿಗೆ ನೀರು ಹಾಕಲು ಕೂತಿದ್ದಾರೋ, ಕೂಲರ್ ರಿಪೇರಿಗೆ ಕೂತಿದ್ದಾರೋ ತಿಳಿಯದಾಯಿತು.

ಮೊದಲು ಸೀಳಿದ ಕಂಬವನ್ನು ಒರೆಸಿ ಒಣಗಿಸಿದರು. ಸೀಳು ಕೂಡುವ ಹಾಗೆ ಎರಡು ಬೆರಳಿನಲ್ಲಿ ಅದುಮಿ, ಹೊರಗಿನಿಂದ ದಾರವನ್ನು ಒತ್ತೊತ್ತಾಗಿ ಸುತ್ತಿದರು, ಬುಗುರಿಗೆ ಸುತ್ತಿದ ಹಾಗೆ. ಅದರ ಮೇಲೆ ಅಂಟನ್ನು ಹನಿಹನಿಯಾಗಿ ಕುಡಿಸಿದರು. ದಾರ ಕಲ್ಲಾಯಿತು. ಆಮೇಲೆ ಸ್ಕ್ರೂಗಿಂತ ಒಂಚೂರು ಸಣ್ಣ ಮೊಳೆ ಆರಿಸಿ, ಅದಕ್ಕೆ ಎಣ್ಣೆ ಸವರಿ, ತೂತಿನ ನಟ್ಟನಡುವೆ ನಿಲ್ಲಿಸಿದರು. ಸುತ್ತ ಚಿಟಿಕೆ ಸೋಡಾ ಉದುರಿಸಿ ಒಂದು ಹನಿ ಅಂಟು. ಸೊಯ್ಯೆಂದು ಸಣ್ಣ ಹೊಗೆ ಬಂತು, ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮತ್ತೆ ಚಿಟಿಕೆ ಸೋಡಾ, ಮತ್ತೆ ಹನಿ. ತೂತು ತುಂಬಿದ ಮೇಲೆ ಮೊಳೆಯನ್ನು ಮೆಲ್ಲಗೆ ತಿರುಗಿಸಿ ಎಳೆದರೆ ಎಣ್ಣೆಯ ದೆಸೆಯಿಂದ ಬಿಟ್ಟುಕೊಂಡು ಬಂತು. ಹಿಂದೆ ಉಳಿದದ್ದು ಹೊಸ ತೂತು, ಅಚ್ಚಿನಲ್ಲಿ ತೆಗೆದ ಹಾಗೆ. ಸವೆದ ಬೇರೆ ತೂತುಗಳಿಗೂ ಹೀಗೇ ಮಾಡಿದರು.

ಅವರಿಗೂ ನನ್ನಷ್ಟೇ ವಯಸ್ಸು. ಸೂಜಿಗೆ ದಾರ ಪೋಣಿಸಲು ನಾನು ಮಗಳನ್ನು ಕೂಗುತ್ತೇನೆ. ಇವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಉಸಿರು ಹಿಡಿದು ಹನಿ ಬಿಟ್ಟರೆ ಅದು ಬೇಕಾದಲ್ಲೇ ಬಿತ್ತು. ನಾನು ಕುಂದು ಹುಡುಕಲೆಂದೇ ಪಕ್ಕದಲ್ಲಿ ಕೂತಿದ್ದವಳು. ಸ್ವಲ್ಪ ಹೊತ್ತಿನಲ್ಲಿ ಅದನ್ನು ಮರೆತು, ಅವರ ಹಣೆಯ ಬೆವರು ಕೆಲಸದ ಮೇಲೆ ಬೀಳದಿರಲೆಂದು ಬೀಸಣಿಗೆ ಬೀಸುತ್ತಿದ್ದೆ.

ಅಂಟು ಆರುವಷ್ಟರಲ್ಲಿ ಅವರ ಕಣ್ಣು ಯಜಮಾನರ ಬಚ್ಚಲಿನ ಹವಾಯಿ ಚಪ್ಪಲಿಯ ಮೇಲೆ ಬಿತ್ತು. ಒಂದರ ಹಿಮ್ಮಡಿ ಆಗಲೇ ಸವೆದಿತ್ತು. ಕೇಳಿಯೂ ಕೇಳದೆ ಅದರಿಂದ ರಬ್ಬರಿನ ಪುಟ್ಟ ಬಿಲ್ಲೆಗಳನ್ನು ಕತ್ತರಿಸಿದರು. ಚೌಕಟ್ಟಿಗೂ ಕಂಬಕ್ಕೂ ನಡುವೆ ಅವನ್ನಿಟ್ಟರೆ ಮೋಟರಿನ ನಡುಕವನ್ನು ರಬ್ಬರ್ ನುಂಗಿಕೊಳ್ಳುತ್ತದಂತೆ. ಯಜಮಾನರು ಒಂಟಿ ಚಪ್ಪಲಿ ಹಿಡಿದು ನಿಂತೇ ಇದ್ದರು.

ಕೊನೆಗೆ ಸ್ಕ್ರೂ. ಅದನ್ನು ಸೋಪಿಗೆ ತಿಕ್ಕಿ ಹೊಸ ತೂತಿಗೆ ಮೆಲ್ಲಗೆ ಇಳಿಸಿ, ಮತ್ತೆ ಪೂರ್ತಿ ಹೊರಗೆ ತೆಗೆದರು. ಇನ್ನೊಮ್ಮೆ ಇಟ್ಟು ಬಲಕ್ಕೆ ತಿರುವುವ ಬದಲು ಎಡಕ್ಕೆ ತಿರುವಿದರು. ಯಜಮಾನರಿಗೆ ತಡೆಯಲಾಗಲಿಲ್ಲ. ಉಲ್ಟಾ ಆಯಿತು ಎಂದು ಮುಂದೆ ಬಾಗಿದರು.

“ಉಲ್ಟಾನ ತಿರುವಬೇಕ್ರಿ ಅಣ್ಣಾರ,” ಎಂದರು ಬೀಗತಿ. “ಕಿವಿಗೊಟ್ಟ ಕೇಳ್ರಿ.”

ನಾವು ಮೂವರೂ ತಲೆ ತಗ್ಗಿಸಿ ಕೇಳಿದೆವು. ಟಕ್ ಎಂದು ಸಣ್ಣ ಸದ್ದು. ಸ್ಕ್ರೂ ಕೂದಲೆಳೆಯಷ್ಟು ಕೆಳಗೆ ಇಳಿದ ಹಾಗಾಯಿತು.

“ಈಗ ಅದಕ್ಕ ತನ್ನ ಮೊದಲಿನ ಹಾದಿ ಸಿಕ್ತು. ಇಲ್ಲಿಂದ ಬಲಕ್ಕ ತಿರುವ್ರಿ, ತಾನ ಹೋಗಿ ಕುಂದರತೈತಿ. ಹಾದಿ ಸಿಗೂ ಮೊದಲ ತಿರುವಿದ್ರ ಪ್ರತಿ ಸಲ ಹೊಸ ಹಾದಿ ಕಡೀತೈತಿ, ಇದ್ದದ್ದು ಹೋಗತೈತಿ.” ಎರಡೇ ಬೆರಳಿನಲ್ಲಿ ತಿರುವಿ, ಸ್ಕ್ರೂ ಕೂತ ಕೂಡಲೇ ಕೈ ಬಿಟ್ಟರು. ಯಜಮಾನರ ಕೈ ತಾನಾಗಿ ಸ್ಕ್ರೂಡ್ರೈವರಿನ ಕಡೆ ಚಾಚಿತು. ಬೀಗತಿ ಅದನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಎತ್ತಿಟ್ಟುಕೊಂಡಿದ್ದ ಮಾತಿಗೆ ಅದೇ ಒಳ್ಳೆಯ ಹೊತ್ತಾಗಿತ್ತು. ಆದರೆ ಅದರ ಅಗತ್ಯವೇ ಇರಲಿಲ್ಲ.

ಕೂಲರ್ ಹಚ್ಚಿದೆವು. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬೀಗತಿ ಒಂದು ಲೋಟ ನೀರು ತುಂಬಿ ಅದರ ತಲೆಯ ಮೇಲೆ, ನನ್ನ ಗುಂಡುಕಲ್ಲು ಇದ್ದ ಜಾಗದಲ್ಲೇ ಇಟ್ಟರು. ನೀರು ಅಲುಗಲಿಲ್ಲ. ಕೂಸು ಆ ದಿನ ಕೈ ಕಾಲು ಚೆಲ್ಲಿ, ಮುಷ್ಟಿ ಬಿಚ್ಚಿ ನಿದ್ದೆ ಮಾಡಿತು. ಈ ವರ್ಷವೂ ಅದೇ ಕೂಲರ್ ಓಡುತ್ತಿದೆ.

ಬೀಗತಿ ನಾಲ್ಕು ದಿನ ಇದ್ದರು. ಕೂಸಿನ ಕತ್ತು ತಿಳಿಯಾಗುವವರೆಗೆ ತಾವೇ ಒರೆಸಿ, ಒಣಗಿಸಿ, ಪುಡಿ ಹಾಕಿದರು. ಕರೆದುಕೊಂಡು ಹೋಗುವ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಹೊರಟ ದಿನವೂ ಕೂಸಿನ ಹಣೆಗೆ ಮುತ್ತು ಕೊಟ್ಟು, ಸೊಸೆಗೆ ಉಂಡಿ ತಪ್ಪದೆ ತಿನ್ನಲು ಹೇಳಿ, ಒಬ್ಬರೇ ಚೀಲ ಹಿಡಿದು ಹೊರಟರು. ನಾನು ಬಸ್ಸಿನವರೆಗೆ ಹೋದೆ. ಹೊಟ್ಟೆಯೊಳಗಿನ ಪ್ರಶ್ನೆ ತಡೆಯಲಾಗದೆ, ಅವರು ಬಸ್ಸಿನ ಮೆಟ್ಟಿಲಿಗೆ ಕಾಲಿಡುವಾಗ ಕೇಳಿಯೇಬಿಟ್ಟೆ.

“ಅಕ್ಕಾರ, ಕೂಲರ್ ಹಂಗ ಬಿಟ್ಟಿದ್ರ ಕೂಸು ಇವತ್ತ ನಿಮ್ಮ ಉಡ್ಯಾಗ ಮುದ್ದೇಬಿಹಾಳಕ್ಕ ಹೊಂಟಿರ್ತಿತ್ತು. ಯಾಕ್ ರಿಪೇರಿ ಮಾಡಿದ್ರಿ?”

ಅವರು ಮೆಟ್ಟಿಲ ಮೇಲೆ ನಿಂತು ಹಿಂದಿರುಗಿ ನೋಡಿದರು. “ಹಂಗ ಒಯ್ದಿದ್ರ, ಕೂಲರ್ ಕೆಟ್ಟಿತ್ತು ಅದಕ್ಕ ಒಯ್ದ್ರು ಅಂತ ಜೀವ ಇರೂತನಕ ಊರ ತುಂಬ ಹೇಳ್ಕೋತ ತಿರಗತಿದ್ರಿ. ಐದ್ ತಿಂಗಳು ತುಂಬಿದ ದಿನಾ ಬರ್ತೇನಿ. ಆವಾಗ ಕಳಸೂದಿಲ್ಲ ಅನ್ನಾಕ ಬ್ಯಾರೆ ನೆವಾ ಹುಡುಕಿ ಇಡ್ರಿ ಬೀಗರ. ಕೂಲರ್ ಐತಿ ಅಂದ್ರ ನಡ್ಯೂದಿಲ್ಲ.”